ಶೇರ್ವರಾಯನ್ ಬೆಟ್ಟದ ಹಲ್ಲಿಯ ನಾಮಚರಿತ್ರೆ

ಗೋಡೆಯ ಮೇಲೆ ಲೊಚಗುಟ್ಟುವ ಪ್ರಾಣಿಯನ್ನು ನಾವು ಹಲ್ಲಿಯೆನ್ನುತ್ತೇವೆ. ಪಕ್ಕದ ಮನೆಯ ತಮಿಳರು ಪಲ್ಲಿಯೆನ್ನುತ್ತಾರೆ. ಹಳಗನ್ನಡದಲ್ಲಿ ನಮಗೂ ಅದು ಪಲ್ಲಿಯೇ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪಲ್ಲಿಯೂ ಹಲ್ಲಿಯಾಯಿತು. ನಮ್ಮ ಹಿರಿಯರು ಈ ಕುಲವನ್ನು ವಿಂಗಡಿಸದೆ ಬಿಟ್ಟವರಲ್ಲ. ಗೋಡೆಯದು ಹಲ್ಲಿ, ಬೇಲಿಯದು ಓತಿ, ಬಣ್ಣ ಬದಲಿಸುವುದು ಗೋಸುಂಬೆ, ನುಣುಪು ಮೈಯದು ಹಾವುರಾಣಿ, ಎಲ್ಲಕ್ಕೂ ದೊಡ್ಡದು ಉಡ. ಹೊಲಮನೆಯ ವ್ಯವಹಾರಕ್ಕೆ ಇಷ್ಟು ಸಾಕು. ಹಲ್ಲಿ ನುಡಿದರೆ ಶಕುನವೆಣಿಸುವವರಿಗಂತೂ ಅದು ಯಾವ ಜಾತಿಯದೆಂಬ ಚಿಂತೆಯೇ ಇಲ್ಲ.

ಶಾಸ್ತ್ರಜ್ಞರ ವಿಂಗಡಣೆಯೂ ಮೊದಲಿಗೆ ಇದಕ್ಕಿಂತ ಸೂಕ್ಷ್ಮವಾಗಿರಲಿಲ್ಲವೆಂದರೆ ವಿದ್ಯಾರ್ಥಿಗಳು ನಗಬಹುದು. ಸ್ವೀಡನ್ ದೇಶದ ಲಿನೇಯಸನು 1758ರಲ್ಲಿ ಪ್ರತಿಯೊಂದು ಪ್ರಾಣಿಗೂ ಎರಡು ಪದಗಳ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದನು. ಮೊದಲಿನ ಪದ ಕುಲಕ್ಕೆ, ಎರಡನೆಯದು ಜಾತಿಗೆ. ಆದರೆ ಅವನು ‘ಲಾಸರ್ಟಾ’ ಎಂಬ ಒಂದೇ ಕುಲದಲ್ಲಿ ಹಲ್ಲಿಯನ್ನೂ ಅಮೆರಿಕದ ಇಗುವಾನವನ್ನೂ ಮೊಸಳೆಯನ್ನೂ ಒಟ್ಟಿಗೆ ಕೂರಿಸಿದನು. ಮುಂದಿನವರು ಅದನ್ನು ಒಡೆಯುತ್ತಲೇ ಬಂದರು. ಹಾಗೆ ಒಡೆಯುವ ಕೆಲಸ ನಮ್ಮ ಸೇಲಂ ಸೀಮೆಯ ಬೆಟ್ಟಕ್ಕೂ ಬಂದಿತು.

ರಿಚರ್ಡ್ ಹೆನ್ರಿ ಬೆಡ್ಡೋಮ್ (1830–1911) ಎಂಬುವನು ಮದರಾಸಿನ ಸೇನೆಗೆ ಸೇರಿ, ಅನಂತರ ಅರಣ್ಯ ಇಲಾಖೆಗೆ ಬಂದು, ಅದರ ಮುಖ್ಯಾಧಿಕಾರಿಯೂ ಆದವನು. ಮರಗಳನ್ನೂ ಜರೀಗಿಡಗಳನ್ನೂ ಕುರಿತು ಅವನು ಬರೆದ ಗ್ರಂಥಗಳು ಪ್ರಸಿದ್ಧವಾಗಿವೆ. ಕಾಡಿನ ತನಿಖೆಗೆ ಹೋದಲ್ಲೆಲ್ಲ ಅವನು ಕಲ್ಲು ಮಗುಚಿ ಹಾವು ಹಲ್ಲಿಗಳನ್ನು ಹುಡುಕುತ್ತಿದ್ದನು. 1870ರಲ್ಲಿ ಶೇರ್ವರಾಯನ್ ಬೆಟ್ಟದ ಒಂದು ಸಣ್ಣ ಹಲ್ಲಿಗೆ ಅವನು ‘ಹೆಮಿಡ್ಯಾಕ್ಟೈಲಸ್ ಆರಾಂಟಿಯಾಕಸ್’ ಎಂದು ಹೆಸರಿಟ್ಟನು. ಎರಡನೆಯ ಪದಕ್ಕೆ ಕಿತ್ತಳೆ ಬಣ್ಣದ್ದು ಎಂದರ್ಥ. ಆ ವರ್ಣನೆ ಅಚ್ಚಾದದ್ದು ಮದರಾಸಿನ ವೈದ್ಯ ಮಾಸಪತ್ರಿಕೆಯೊಂದರಲ್ಲಿ! ಜ್ವರ, ಭೇದಿಗಳ ನಡುವೆ ಈ ಹಲ್ಲಿಗೂ ಎಡೆ ದೊರೆಯಿತು. ಬಾಲವನ್ನು ಬಿಟ್ಟು ಅಳೆದರೆ ಇದರ ಉದ್ದ ನಾಲ್ಕು ಸೆಂಟಿಮೀಟರಿನೊಳಗೆ. ಹುಡುಗರ ಕಿರುಬೆರಳಿಗಿಂತ ದೊಡ್ಡದೇನಲ್ಲ.

ಹೆಸರು ಬಂದಿತಾದರೂ ಕುಲ ನಿಲ್ಲಲಿಲ್ಲ. ಹಲ್ಲಿಗಳ ಕುಲವನ್ನು ಗೊತ್ತುಪಡಿಸಲು ಶಾಸ್ತ್ರಜ್ಞರು ಮುಖ್ಯವಾಗಿ ಬೆರಳುಗಳನ್ನೇ ನೋಡುತ್ತಿದ್ದರು. ಗೋಡೆಯನ್ನು ಹಿಡಿಯುವ ಅಂಟುಪಟ್ಟಿಗಳು ಬೆರಳಿನಡಿಯಲ್ಲಿ ಒಂದಾಗಿವೆಯೋ ಇಬ್ಭಾಗವಾಗಿವೆಯೋ, ಎಲ್ಲಿಯವರೆಗೆ ಹರಡಿವೆ ಎಂಬುದೇ ಅವರ ಪರೀಕ್ಷೆ. ಬ್ರಿಟಿಷ್ ಮ್ಯೂಸಿಯಮ್ಮಿನ ಬೂಲಾಂಜೇ 1885ರ ತನ್ನ ಪಟ್ಟಿಯಲ್ಲಿ ಇದನ್ನು ‘ಲೆಪಿಡೊಡ್ಯಾಕ್ಟೈಲಸ್’ ಕುಲಕ್ಕೆ ಸೇರಿಸಿದನು. ಸಯಾಮಿನ ಅರಮನೆಯಲ್ಲಿ ವೈದ್ಯನಾಗಿದ್ದ ಮಾಲ್ಕಂ ಸ್ಮಿತ್ 1935ರಲ್ಲಿ ಭಾರತದ ಹಲ್ಲಿಗಳ ಸಂಪುಟವನ್ನು ಬರೆದಾಗ ಇದು ‘ಹೆಮಿಫಿಲ್ಲೊಡ್ಯಾಕ್ಟೈಲಸ್’ ಕುಲಕ್ಕೆ ಬಂದಿತು. ಅರ್ಧ ಎಲೆಯಂತಹ ಬೆರಳುಳ್ಳದ್ದು ಎಂದು ಅದರ ಅರ್ಥ. ಕುಲವೇನೋ ಸರಿಯಾಯಿತು, ಆದರೆ ಹಲ್ಲಿಯ ಸ್ವಾತಂತ್ರ್ಯ ಹೋಯಿತು. ಡಚ್ಚರ ಬ್ಲೀಕರನು 1860ರಲ್ಲಿ ಹೆಸರಿಸಿದ ‘ಟೈಪಸ್’ ಎಂಬ ಪೂರ್ವದೇಶದ ಜಾತಿಯ ಒಂದು ಉಪಜಾತಿಯೆಂದು ಸ್ಮಿತ್ ಇದನ್ನು ಎಣಿಸಿದನು.

ಇದು ಬರಿಯ ಹೆಸರಿನ ಜಗಳವೆಂದು ತಳ್ಳಿಹಾಕುವವರಿದ್ದಾರೆ. ನಾವು ಒಪ್ಪುವುದಿಲ್ಲ. ‘ಟೈಪಸ್’ ಹಲ್ಲಿ ಹಿಂದೂ ಮಹಾಸಾಗರದಿಂದ ಪೆಸಿಫಿಕ್ಕಿನ ಹವಾಯಿಯವರೆಗೆ ದ್ವೀಪದ್ವೀಪಗಳಲ್ಲಿ ಹಬ್ಬಿರುವ ಪ್ರಾಣಿ. ಅಂತಹದರ ಒಂದು ಬಗೆಯೆಂದು ಬರೆದಿಟ್ಟರೆ, ಶೇರ್ವರಾಯನ್ ಬೆಟ್ಟದಲ್ಲಿ ಅದು ನಾಶವಾದರೂ ಯಾರು ಮರುಗುತ್ತಾರೆ? ಬೇರೆಡೆ ಸಾವಿರವಿದೆಯಲ್ಲ ಎಂದುಬಿಡಬಹುದು. ಆ ಬೆಟ್ಟದಲ್ಲಿ ಕಾಡು ಕಡಿದು ಕಾಫಿ ಬೆಳೆದದ್ದನ್ನೂ, ನೆಲ ಅಗೆದು ಬಾಕ್ಸೈಟ್ ತೆಗೆದದ್ದನ್ನೂ ನೆನೆದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ.

ಅರವತ್ತುನಾಲ್ಕು ವರ್ಷಗಳ ಬಳಿಕ, 1999ರಲ್ಲಿ, ಆರನ್ ಬಾವರ್ ಮತ್ತು ಇಂದ್ರನೀಲ್ ದಾಸ್ ಅವರು ಇದನ್ನು ಸ್ವತಂತ್ರ ಜಾತಿಯೆಂದು ಮತ್ತೆ ಸ್ಥಾಪಿಸಿದರು. ಎರಡಕ್ಕೂ ಇರುವ ಒಂದು ಭೇದ ವಿದ್ಯಾರ್ಥಿಗಳಿಗೆ ವಿಸ್ಮಯಕರವಾದೀತು. ‘ಟೈಪಸ್’ ಜಾತಿಯಲ್ಲಿರುವುದೆಲ್ಲ ಹೆಣ್ಣೇ. ಗಂಡಿನ ನೆರವಿಲ್ಲದೆ ಮೊಟ್ಟೆಯಿಟ್ಟು ಸಂತಾನ ಬೆಳೆಸುತ್ತದೆ. ಶೇರ್ವರಾಯನ್ ಹಲ್ಲಿಯಲ್ಲಿ ಹೆಣ್ಣೂ ಉಂಟು, ಗಂಡೂ ಉಂಟು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ದಕ್ಷಿಣದ ಬೇರೆ ಬೆಟ್ಟಗಳಲ್ಲಿ ಸಿಕ್ಕ ಇಂತಹ ಹಲ್ಲಿಗಳನ್ನೆಲ್ಲ ‘ಆರಾಂಟಿಯಾಕಸ್’ ಎಂದೇ ಬರೆಯುವ ವಾಡಿಕೆಯಿತ್ತು. ಇಶಾನ್ ಅಗರ್ವಾಲ್, ಅಕ್ಷಯ್ ಖಾಂಡೇಕರ್, ವರದ್ ಗಿರಿ, ಉಮಾ ರಾಮಕೃಷ್ಣನ್, ಪ್ರವೀಣ್ ಕಾರಂತ ಇವರು ವಂಶವಾಹಿಗಳನ್ನು ಹೋಲಿಸಿ, ಹುರುಪೆಗಳನ್ನೂ ಎಣಿಸಿ, 2019ರಲ್ಲಿ ಪ್ರಕಟಿಸಿದ ಪ್ರಬಂಧ ಆ ವಾಡಿಕೆಯನ್ನು ಮುರಿಯಿತು. ಪರ್ಯಾಯ ದ್ವೀಪದ ಬೆಟ್ಟಗಳಲ್ಲಿ ಇರುವುದು ಒಂದು ಜಾತಿಯಲ್ಲ, ಒಂದು ಡಜನ್ ಎಂದು ಅವರು ತೋರಿಸಿದರು. ಅವುಗಳಲ್ಲಿ ಮೂರಕ್ಕೆ ಆಗಲೇ ಹೆಸರೂ ಆಯಿತು: ಆಂಧ್ರದ ಅರಕುವಿನದು ‘ಅರಕುಯೆನ್ಸಿಸ್’, ಕೊಲ್ಲಿಮಲೆಯದು ‘ಕೊಲ್ಲಿಯೆನ್ಸಿಸ್’, ಬೆಂಗಳೂರಿನದು ‘ಜ್ಞಾನ’. ಈ ಕೊನೆಯದರ ಮೂಲಮಾದರಿ ಸಿಕ್ಕಿದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಯೊಂದರ ಆವರಣದಲ್ಲಿ. ವಿದ್ಯೆಯ ಮಂದಿರದಲ್ಲಿ ದೊರೆತದ್ದಕ್ಕೆ ವಿದ್ಯೆಯ ಹೆಸರೇ ಬಂದಿತು. ಲ್ಯಾಟಿನ್ ಪದಗಳ ನಡುವೆ ನಮ್ಮ ಬಾಲಕರೂ ಓದಿದೊಡನೆ ತಿಳಿಯುವ ಹೆಸರೊಂದು ಕುಳಿತದ್ದು ನಮಗೆ ಸಂತೋಷವೇ. 2020ರಲ್ಲಿ ನೀಲಗಿರಿಯ ಹಲ್ಲಿಗೂ ‘ನೀಲಗಿರಿಯೆನ್ಸಿಸ್’ ಎಂಬ ನಾಮಕರಣವಾಯಿತು.

ಹಳೆಯ ಸೇಲಂ ಜಿಲ್ಲೆ ನಮ್ಮ ಕಣ್ಣೆದುರಿಗೇ ಒಡೆಯಿತು: 1965ರಲ್ಲಿ ಧರ್ಮಪುರಿ ಬೇರೆಯಾಯಿತು; 1997ರಲ್ಲಿ ನಾಮಕ್ಕಲ್ ಬೇರೆಯಾಗಿ ಕೊಲ್ಲಿಮಲೆ ಅದರ ಪಾಲಿಗೆ ಹೋಯಿತು. ಶೇರ್ವರಾಯನ್ ಮತ್ತು ಕೊಲ್ಲಿಮಲೆಗಳ ಹಲ್ಲಿಗಳನ್ನಾದರೋ ನಡುವಣ ಬಿಸಿ ಬಯಲು ಯಾವ ಸರಕಾರಿ ಆಜ್ಞೆಗೂ ಕಾಯದೆ ಎಂದೋ ಬೇರ್ಪಡಿಸಿತ್ತು. ತಂಪು ಬೆಟ್ಟದ ಈ ಪ್ರಾಣಿಗೆ ಬಯಲೇ ಸಮುದ್ರ.

ಹೀಗೆ ಜಾತಿಯೊಂದು ಹಲವಾದಾಗ ಹಳೆಯ ಹೆಸರು ಯಾರಿಗೆ ಉಳಿಯಬೇಕು? ಮೊದಲು ಹೆಸರಿಸಿದಾಗ ಮಾದರಿ ಬಂದ ಸ್ಥಳದ ಪ್ರಾಣಿಗೆ ಎಂಬುದು ನಿಯಮ. ಆದಕಾರಣ ಬೆಡ್ಡೋಮನಿಟ್ಟ ‘ಆರಾಂಟಿಯಾಕಸ್’ ಶೇರ್ವರಾಯನ್ ಹಲ್ಲಿಗೇ ಉಳಿಯಿತು. ನಮ್ಮ ಪೆನ್ನಾಗರದ ಬಳಿ ಹೊಗೆಯಂತೆ ನೀರ ಹನಿಯೇಳುವ ಬಂಡೆಗೆ ಕನ್ನಡಿಗರಿಟ್ಟ ಹೆಸರು ಹೊಗೇನಕಲ್ಲಾಗಿ ಆ ಸ್ಥಳವನ್ನೇ ಹಿಡಿದು ನಿಂತಿರುವ ಹಾಗೆ. 2019ಕ್ಕೆ ಹಿಂದಿನ ಪುಸ್ತಕಗಳಲ್ಲಿ ಬೆಂಗಳೂರಿನ ಈ ಪುಟ್ಟ ಹಲ್ಲಿಗೆ ‘ಆರಾಂಟಿಯಾಕಸ್’ ಎಂದಿರುವುದು ಕಂಡುಬಂದರೆ ಉಪಾಧ್ಯಾಯರು ಅದನ್ನು ‘ಜ್ಞಾನ’ವೆಂದು ತಿದ್ದಿ ಹೇಳತಕ್ಕದ್ದು.