ಉಗಿಬಂಡಿಯ ತೂಬು, ರೇಡಿಯೇಟರಿನ ಬಡಿತ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಭಾರತದ ಮೊದಲ ಪ್ರಯಾಣಿಕರ ರೈಲು ಓಡಿತೆಂಬುದು ನಮ್ಮ ಶಾಲಾಮಕ್ಕಳಿಗೂ ಗೊತ್ತು. ಹದಿನಾಲ್ಕು ಡಬ್ಬಿಗಳಲ್ಲಿ ಸುಮಾರು 400 ಅತಿಥಿಗಳಿದ್ದರು. ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಉಗಿಯಂತ್ರಗಳು ಅದನ್ನು ಎಳೆದವು. 1854ರ ಮೇ 1ರಂದು ರೈಲು ಕಲ್ಯಾಣವನ್ನು ಮುಟ್ಟಿತು. ನಾವು ನೆಲೆಸಿರುವ ಈ ಊರುಗಳ ಬೆಳವಣಿಗೆಗೆ ಉಗಿಯೇ ನಾಂದಿ ಹಾಡಿತೆಂದರೆ ತಪ್ಪಾಗದು. ಉಗಿಯ ವಿಷಯದಲ್ಲಿ ಅಂದಿನ ಡ್ರೈವರುಗಳು ಅರಿತಿದ್ದ ಸಂಗತಿಯೊಂದು ಅಮೆರಿಕದಲ್ಲಿರುವ ನಮ್ಮ ಮಕ್ಕಳ ಮನೆಗಳಲ್ಲಿ ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಉಗಿಬಂಡಿ ನಿಲ್ದಾಣ ಬಿಡುವಾಗ ಮುಂಗಾಲಿಗಳ ಪಕ್ಕದಿಂದ ಬುಸ್ಸೆಂದು ಬಿಳಿಯ ಉಗಿ ಚಿಮ್ಮುತ್ತಿದ್ದುದು ಹಿರಿಯರ ನೆನಪಿನಲ್ಲಿರಬಹುದು. ಅದು ಡ್ರೈವರನ ಆಡಂಬರವಲ್ಲ. ನಿಂತ ಇಂಜಿನಿನ ಸಿಲಿಂಡರು ತಣ್ಣಗಾಗಿರುತ್ತದೆ. ಬಿಸಿ ಉಗಿ ತಣ್ಣನೆಯ ಕಬ್ಬಿಣಕ್ಕೆ ತಾಗಿದೊಡನೆ ನೀರಾಗುತ್ತದೆ. ಉಗಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಆ ನೀರು ಒಳಗುಳಿದರೆ ಪಿಸ್ಟನ್ ಅದಕ್ಕೆ ಅಪ್ಪಳಿಸಿ ಸಿಲಿಂಡರಿನ ಮುಚ್ಚಳವೇ ಒಡೆದೀತು. ಆದ್ದರಿಂದ ಡ್ರೈವರ್ ತಳದ ಸಣ್ಣ ತೂಬುಗಳನ್ನು ತೆರೆದಿಟ್ಟು, ನೀರನ್ನು ಹೊರದೂಡಿ, ಅನಂತರ ಮುಚ್ಚುತ್ತಿದ್ದ. 1925ರ ಫೆಬ್ರವರಿ 3ರಂದು ಮುಂಬಯಿಯಲ್ಲಿ ವಿದ್ಯುತ್ ರೈಲು ಆರಂಭವಾಯಿತು. ಕ್ರಮೇಣ ಉಗಿಬಂಡಿಗಳು ಮರೆಯಾದವು.

ಚಳಿದೇಶಗಳಲ್ಲಾದರೋ ಉಗಿ ಮನೆಯೊಳಗೇ ಹೊಕ್ಕಿತ್ತು. ನ್ಯೂಯಾರ್ಕಿನಲ್ಲಿ 1882ರಲ್ಲೇ ಬೀದಿಯಡಿಯ ಕೊಳವೆಗಳ ಮೂಲಕ ಕಟ್ಟಡಗಳಿಗೆ ಉಗಿ ಮಾರುವ ಕಂಪನಿ ಕೆಲಸ ತೊಡಗಿತು. ಅನೇಕ ಕಟ್ಟಡಗಳಿಗೆ ನೆಲಮಾಳಿಗೆಯಲ್ಲಿ ಸ್ವಂತ ಬಾಯ್ಲರುಗಳಿದ್ದವು. ಅಲ್ಲಿನ ಹಳೆಯ ಕಟ್ಟಡಗಳಲ್ಲಿ ಈಗಲೂ ಕಿಟಕಿಯ ಕೆಳಗೆ ಕಬ್ಬಿಣದ ರೇಡಿಯೇಟರುಗಳಿವೆ. ಮಗಳ ಬಾಣಂತನಕ್ಕೆಂದು ಡೊಂಬಿವಲಿಯಿಂದಲೋ ನವಿಮುಂಬಯಿಯಿಂದಲೋ ಚಳಿಗಾಲದಲ್ಲಿ ಹೋದ ತಾಯಂದಿರು, ನಡುರಾತ್ರಿ ಯಾರೋ ಗೋಡೆಯೊಳಗೆ ಸುತ್ತಿಗೆಯಿಂದ ಬಡಿದಂತಾಗಿ ಬೆಚ್ಚಿಬಿದ್ದರೆ ಆಶ್ಚರ್ಯವಿಲ್ಲ.

ಕಾರಣ ಅದೇ ಉಗಿಬಂಡಿಯದು. ಹಳೆಯ ಪದ್ಧತಿಯಲ್ಲಿ ಒಂದೇ ಕೊಳವೆಯಲ್ಲಿ ಉಗಿ ಮೇಲೇರಬೇಕು, ತಣಿದ ನೀರು ಕೆಳಗಿಳಿಯಬೇಕು. ಇಳಿಜಾರು ಕೆಟ್ಟರೆ ನೀರು ಮಡುಗಟ್ಟುತ್ತದೆ. ನುಗ್ಗಿಬರುವ ಉಗಿ ಅದನ್ನು ಎತ್ತಿ ಕೊಳವೆಯ ತಿರುವಿಗೆ ಅಪ್ಪಳಿಸುತ್ತದೆ. ಪರಿಹಾರ ಸುಲಭ. ರೇಡಿಯೇಟರ್ ತಣ್ಣಗಿರುವಾಗ ಅದರ ಮೇಲೆ ರಸಮಟ್ಟವಿಟ್ಟು ನೋಡಬೇಕು. ಕೊಳವೆ ಸೇರುವ ಕಡೆಗೆ ತುಸು ಇಳಿಜಾರಿರಬೇಕು. ಇಲ್ಲವಾದರೆ ಎದುರು ತುದಿಯ ಕಾಲುಗಳಡಿ ತೆಳು ಮರದ ಚೂರು ಕೊಟ್ಟರೆ ಸಾಕು. ಕೊಳವೆಯ ಬುಡದ ವಾಲ್ವನ್ನು ಪೂರ್ತಿ ತೆರೆದಿಡಬೇಕು ಅಥವಾ ಪೂರ್ತಿ ಮುಚ್ಚಬೇಕು. ಸೆಕೆಯೆಂದು ಅರ್ಧ ತಿರುಗಿಸಿದರೆ ನೀರು ಹಿಂದಿರುಗಲು ದಾರಿ ಸಾಲದೆ ಬಡಿತ ಆರಂಭವಾಗುತ್ತದೆ. ಇಷ್ಟಾದರೂ ನಿಲ್ಲದಿದ್ದರೆ ನೆಲಮಾಳಿಗೆಯ ಕೊಳವೆ ಜೋತುಬಿದ್ದಿರಬಹುದು, ಬಾಯ್ಲರಿನಲ್ಲಿ ನೀರು ಹೆಚ್ಚಾಗಿರಬಹುದು. ಅದು ಬಲ್ಲವರ ಕೆಲಸ.

ಇದನ್ನು ಬರಿಯ ಕಿರಿಕಿರಿಯೆಂದು ಅಲಕ್ಷಿಸುವುದೂ ಸಲ್ಲದು. 2007ರ ಜುಲೈ 18ರಂದು ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂ ಬಳಿ, 1924ರಲ್ಲಿ ಹೂಳಿದ್ದ ದೊಡ್ಡ ಉಗಿಕೊಳವೆ ಸಿಡಿದು ಒಬ್ಬರು ಸತ್ತರು, ಅನೇಕರು ಗಾಯಗೊಂಡರು. ನೀರು ಹೊರಹೋಗುವ ಸಾಧನ ಕಟ್ಟಿಕೊಂಡು, ಒಳಗೆ ನಿಂತ ನೀರಿಗೂ ಉಗಿಗೂ ಘರ್ಷಣೆಯಾದದ್ದೇ ಕಾರಣವೆಂದು ತನಿಖೆಯಿಂದ ತಿಳಿಯಿತು.

ಉಗಿಯಿಲ್ಲದ ನಮ್ಮ ಬಿಲ್ಡಿಂಗುಗಳಲ್ಲೂ ಈ ಸದ್ದಿನ ದಾಯಾದಿಯೊಂದಿದೆ. ನಲ್ಲಿಯನ್ನು ಫಕ್ಕನೆ ಮುಚ್ಚಿದಾಗ ಪೈಪು ಢಣ್ಣೆನ್ನುತ್ತದಲ್ಲ, ಅದು. ರಷ್ಯದ ವಿಜ್ಞಾನಿ ಝುಕೋವ್‌ಸ್ಕಿ ಮಾಸ್ಕೋದ ನೀರಿನ ಕೊಳವೆಗಳಲ್ಲಿ 1897-98ರಲ್ಲಿ ಪ್ರಯೋಗ ನಡೆಸಿ ಇದರ ಲೆಕ್ಕ ಕೊಟ್ಟರು. ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಕಬ್ಬಿಣದ ಕೊಳವೆಯಲ್ಲಿ ಥಟ್ಟನೆ ನಿಂತರೆ, ನೂರು ಮೀಟರಿಗೂ ಎತ್ತರದ ನೀರಿನ ಕಂಬದಷ್ಟು ಒತ್ತಡ ಕ್ಷಣಕಾಲ ಏರುತ್ತದೆ. ಹಳೆಯ ಪೈಪುಗಳ ಜೋಡಣೆ ಸಡಿಲವಾಗಲು ಇಷ್ಟು ಸಾಕು. ನಲ್ಲಿಯನ್ನು ನಿಧಾನವಾಗಿ ಮುಚ್ಚುವುದು, ಸವೆದ ವಾಷರ್ ಬದಲಿಸುವುದು, ಅಲುಗುವ ಪೈಪಿಗೆ ಗೋಡೆಯಲ್ಲಿ ಕ್ಲಾಂಪ್ ಹಾಕಿಸುವುದು, ಇವಿಷ್ಟೇ ಮದ್ದು.

ದೂರದೇಶದಲ್ಲಿ ಒಂಟಿಯಾಗಿ ರಾತ್ರಿ ಕಳೆಯುವ ಮಕ್ಕಳು ಈ ಸದ್ದಿನ ಬಗ್ಗೆ ಫೋನಿನಲ್ಲಿ ಹೇಳಿಕೊಂಡರೆ, ಭಯ ಬೇಡವೆಂದು ಹೇಳಿ, ಮೊದಲು ವಾಲ್ವನ್ನೂ ಇಳಿಜಾರನ್ನೂ ನೋಡಲು ತಿಳಿಸಿರಿ.