ಒಳಗೋಡೆಗೆ ಜಾಲರಿ: ಎಲ್ಲಿ ಬೇಕು, ಎಲ್ಲಿ ದಂಡ

ಶಹಾಪುರ ತಾಲೂಕಿನ ಗೋಗಿ ಸುದ್ದಿಗೆ ಬರೋದು ಎರಡು ಕಾರಣಕ್ಕೆ. ಒಂದು ಯುರೇನಿಯಂ ನಿಕ್ಷೇಪ, ಇನ್ನೊಂದು ಬಿಜಾಪುರದ ಮೊದಲ ಆದಿಲ್‌ಶಾಹಿ ಸುಲ್ತಾನರ ಗೋರಿಗಳು. ಈ ಬರಹ ಅವೆರಡರ ಬಗ್ಗೆ ಅಲ್ಲ. ಗೋಗಿಯಿಂದ ಸುರಪುರದವರೆಗೆ ಊರೂರಲ್ಲಿ ಏಳುತ್ತಿರುವ ಹೊಸ ಮನೆಗಳ ಒಳಗೋಡೆಯ ಬಗ್ಗೆ.

ಈ ಭಾಗದ ಹಳೇ ಮನೆ ಅಂದರೆ ಕಲ್ಲು ಮತ್ತು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇಲ್ಲವೇ ಪರಸಿ ಕಲ್ಲು. ಈಗ ಕಾಂಕ್ರೀಟ್ ಕಂಬ, ತೊಲೆ, ಸ್ಲ್ಯಾಬ್. ನಡುವೆ ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕ್. ಗೃಹಪ್ರವೇಶ ಆಗಿ ಮೊದಲ ಬೇಸಿಗೆ ಕಳೆಯುವಷ್ಟರಲ್ಲಿ ತೊಲೆಯ ಕೆಳಗೆ ಉದ್ದಕ್ಕೆ ಒಂದು ಗೆರೆ, ಕಂಬದ ಪಕ್ಕ ನೆಟ್ಟಗೆ ಇನ್ನೊಂದು ಗೆರೆ. "ಬಣ್ಣ ಹೊಡದ್ರ ಮುಚ್ಚತದ ಬಿಡ್ರಿ" ಅಂತಾನೆ ಗೌಂಡಿ. ಮುಚ್ಚುತ್ತದೆ ನಿಜ, ಮುಂದಿನ ಬೇಸಿಗೆವರೆಗೆ.

ಗೆರೆ ಅಲ್ಲೇ ಯಾಕೆ?

ಕಾಂಕ್ರೀಟೂ ಸುಟ್ಟ ಇಟ್ಟಿಗೆಯೂ ಬಿಸಿಲಿಗೆ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. 3 ಮೀಟರ್ ಉದ್ದದ ಕಾಂಕ್ರೀಟ್ ತೊಲೆ 20 ಡಿಗ್ರಿ ಹೆಚ್ಚು ಕಾದರೆ ಸುಮಾರು 0.6 ಮಿ.ಮೀ. ಹಿಗ್ಗುತ್ತದೆ. ಅಷ್ಟೇ ಉದ್ದದ ಇಟ್ಟಿಗೆ ಗೋಡೆ ಹಿಗ್ಗುವುದು 0.35 ಮಿ.ಮೀ. ಆಸುಪಾಸು. ವ್ಯತ್ಯಾಸ ಕಾಲು ಮಿಲಿಮೀಟರ್. ಕೇಳೋಕೆ ಏನೂ ಅಲ್ಲ, ಆದರೆ ಕಣ್ಣಿಗೆ ಕಾಣುವ ಬಿರುಕಿಗೆ ಅಷ್ಟು ಸಾಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಯಾದಗಿರಿಯಲ್ಲಿ, ಬಿಸಿಲಿಗೆ ಬಿದ್ದ ಸ್ಲ್ಯಾಬಿನ ಕೆಳಗಿನ ತೊಲೆ ದಿನಾ ಈ ಕೆಲಸ ಮಾಡುತ್ತಲೇ ಇರುತ್ತದೆ. ಸಿಮೆಂಟ್ ಬ್ಲಾಕಿನ ಕಥೆ ಬೇರೆ. ಅದು ಒಣಗಿದಂತೆ ಕುಗ್ಗುತ್ತದೆ. ಸರಿಯಾಗಿ ನೀರುಣಿಸಿ ಒಣಗಿಸದ ಹಸಿ ಬ್ಲಾಕ್ ತಂದು ಕಟ್ಟಿದರೆ ಗೋಡೆಯೇ ಕಂಬದಿಂದ ಸರಿಯುತ್ತದೆ.

ಗಿಲಾವು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನಲ್ಲ. ಜಾಲರಿ ಹಾಕುವುದು ಈ ಎಳೆತ ಹೊರಲಿಕ್ಕೆ. ಅದು ಬಿರುಕನ್ನು ಪೂರ್ತಿ ನಿಲ್ಲಿಸುತ್ತದೆ ಅನ್ನೋದು ತಪ್ಪು ತಿಳಿವಳಿಕೆ. ಒಂದೇ ಕಡೆ ಬಾಯಿಬಿಡಬೇಕಾದ ಬಿರುಕನ್ನು ಕಾಣದಷ್ಟು ಸಣ್ಣ ಎಳೆಗಳಾಗಿ ಹಂಚುತ್ತದೆ, ಅಷ್ಟೇ. ಹಿಂದಿನವರು ಮಣ್ಣಿನ ಗಿಲಾವಿಗೆ ಹುಲ್ಲು, ಹೊಟ್ಟು ಕಲಸುತ್ತಿದ್ದುದರ ಹಿಂದಿನ ಲೆಕ್ಕವೂ ಇದೇ.

ಯಾವ ಜಾಲರಿ?

ಅಂಗಡಿಯಲ್ಲಿ ಮುಖ್ಯವಾಗಿ ಎರಡು ಸಿಗುತ್ತವೆ. ಒಂದು ಆರು ಮೂಲೆ ಕಣ್ಣಿನ ತಂತಿಯ ಚಿಕನ್ ಮೆಶ್. ತೊಲೆ, ಕಂಬದ ಸಂದಿಗೆ, ದಪ್ಪ ಗಿಲಾವಿಗೆ ಇದು ಸರಿ. ಸತು ಲೇಪ ಇರುವುದನ್ನೇ ಕೇಳಿ. ಇನ್ನೊಂದು ಗಾಜಿನ ನಾರಿನ ಫೈಬರ್ ಮೆಶ್. ತೆಳು ಗಿಲಾವು, ಪುಟ್ಟಿ, ಜಿಪ್ಸಂ ಕೆಲಸಕ್ಕೆ ಒಗ್ಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಆದರೆ ಸಿಮೆಂಟಿನ ಕ್ಷಾರ ಸಾದಾ ಗಾಜಿನ ನಾರನ್ನು ತಿಂದುಹಾಕುತ್ತದೆ. ಕ್ಷಾರ ತಡೆಯುವ ಲೇಪ ಇದೆಯಾ ಅಂತ ಕೇಳದೆ ಕೊಳ್ಳಬೇಡಿ. ಜಿಪ್ಸಂ ಗಿಲಾವಿನೊಳಗೆ ಲೇಪವಿಲ್ಲದ ಕಬ್ಬಿಣದ ತಂತಿ ಹಾಕಲೇಬೇಡಿ. ಸಿಮೆಂಟಿನ ಹಾಗೆ ಜಿಪ್ಸಂ ಕಬ್ಬಿಣವನ್ನು ಕಾಯುವುದಿಲ್ಲ, ತುಕ್ಕಿನ ಕಲೆ ಗೋಡೆ ಮೇಲೆ ಮೂಡುತ್ತದೆ.

ಎಲ್ಲೆಲ್ಲಿ?

ಇಡೀ ಗೋಡೆಗೆ ಬೇಡ. ಬೇಕಾದ್ದು ಇಷ್ಟು ಕಡೆ:

• ಕಂಬ ಮತ್ತು ಗೋಡೆ, ತೊಲೆ ಮತ್ತು ಗೋಡೆ ಕೂಡುವ ಗೆರೆ. ಎರಡೂ ಬದಿ 6 ಇಂಚು ಬರುವಂತೆ ಒಟ್ಟು 1 ಅಡಿ ಅಗಲದ ಪಟ್ಟಿ.
• ಕಿಟಕಿ, ಬಾಗಿಲಿನ ಮೂಲೆಗಳು. ಇಲ್ಲಿ ಬಿರುಕು ಓರೆಯಾಗಿ ಹೊರಡುತ್ತದೆ. ಹಾಗಾಗಿ ಪಟ್ಟಿಯನ್ನು ಅದಕ್ಕೆ ಅಡ್ಡಲಾಗಿ, 45 ಡಿಗ್ರಿ ಓರೆಗೆ ಹಾಕಬೇಕು.
• ವೈರಿಂಗ್ ಪೈಪಿಗೆ, ನಲ್ಲಿ ಪೈಪಿಗೆ ಗೋಡೆ ಕೊರೆದು ಮುಚ್ಚಿದ ಜಾಗ. ಎರಡೂ ಬದಿ ಕನಿಷ್ಠ 4 ಇಂಚು ದಾಟಲಿ.

10 × 12 ಅಡಿಯ, 10 ಅಡಿ ಎತ್ತರದ ಕೋಣೆ ತೆಗೆದುಕೊಳ್ಳಿ. ಮೂಲೆಗೊಂದು ಕಂಬ, ಸುತ್ತ ತೊಲೆ. ತೊಲೆಯ ಗೆರೆ 44 ಅಡಿ. ಕಂಬದ ಗೆರೆ 8, ತಲಾ 9 ಅಡಿ, ಅಂದರೆ 72. ಒಟ್ಟು 116 ಅಡಿ, 1 ಅಡಿ ಅಗಲಕ್ಕೆ 116 ಚದರಡಿ. ಗೋಡೆ, ಛಾವಣಿ ಸೇರಿ ಗಿಲಾವು 560 ಚದರಡಿ. ಐದನೇ ಒಂದು ಭಾಗಕ್ಕೆ ಜಾಲರಿ ಹಾಕಿದರೆ ಮುಖ್ಯ ಸಂದಿಗಳೆಲ್ಲ ಮುಗಿದವು. ಗುತ್ತಿಗೆದಾರ ಉಳಿಸುವುದು ಈ ಸಣ್ಣ ಬಾಬನ್ನೇ.

ಹಾಕುವ ಕ್ರಮ

ಮೊದಲು ಕಾಂಕ್ರೀಟಿನ ನುಣುಪು ಮೈಗೆ ಕಚ್ಚು ಹೊಡೆಯಬೇಕು, ಧೂಳು ತೊಳೆಯಬೇಕು. ಆಮೇಲೆ ತೆಳುವಾಗಿ ಮಾಲು ಬಳಿದು, ಅದರ ಮೇಲೆ ಜಾಲರಿಯನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆದು, ಮೇಲಿನ ಪದರ ಹಾಕಬೇಕು. ಒಣ ಗೋಡೆಗೇ ಅಂಟಿಸಿ ಮೇಲೆ ಮಾಲು ಎಸೆದರೆ ತಂತಿಯ ಹಿಂದೆ ಪೊಳ್ಳು ಉಳಿಯುತ್ತದೆ, ಬೆರಳಿಂದ ಬಡಿದರೆ ಡಬಡಬ ಅನ್ನುತ್ತದೆ. ಪಟ್ಟಿಗಳು ಕೂಡುವಲ್ಲಿ 4 ಇಂಚು ಒಂದರ ಮೇಲೊಂದು ಬರಲಿ.

ಒಳಗೋಡೆಗೆ 12 ಮಿ.ಮೀ. ದಪ್ಪ, 1 ಪಾಲು ಸಿಮೆಂಟಿಗೆ 6 ಪಾಲು ಉಸುಕು ರೂಢಿಯ ಅಳತೆ. ಸಿಮೆಂಟ್ ಹೆಚ್ಚು ಹಾಕಿದರೆ ಗಟ್ಟಿ ಅನ್ನೋ ನಂಬಿಕೆ ಬಿಡಬೇಕು. ಹೆಚ್ಚು ಸಿಮೆಂಟು ಅಂದರೆ ಹೆಚ್ಚು ಕುಗ್ಗುವಿಕೆ, ಹೆಚ್ಚು ಬಿರುಕು. ಆಮೇಲೆ ಕನಿಷ್ಠ 7 ದಿನ ನೀರು ಹೊಡೆಯಬೇಕು. ಈ ಬಿಸಿಲಲ್ಲಿ ದಿನಕ್ಕೊಂದು ಸಲ ಸಾಲದು. ನೀರಿಲ್ಲದ ಗಿಲಾವನ್ನು ಯಾವ ಜಾಲರಿಯೂ ಉಳಿಸುವುದಿಲ್ಲ.

ಛಾವಣಿಯ ಮಾತೇ ಬೇರೆ

ಗೋಡೆಯ ಗಿಲಾವು ಬಿರಿದರೆ ನೋಡೋಕೆ ಕೆಟ್ಟದು, ಅಷ್ಟೇ. ಛಾವಣಿಯದು ಬಿದ್ದರೆ ತಲೆ ಒಡೆಯುತ್ತದೆ. ಕಾಂಕ್ರೀಟ್ ಛಾವಣಿಗೆ ಗಿಲಾವು 6 ಮಿ.ಮೀ. ಸಾಕು, ಅಳತೆ 1ಕ್ಕೆ 3. ಸೆಂಟ್ರಿಂಗ್ ಹಲಗೆಗೆ ಬಳಿದ ಎಣ್ಣೆ ತೆಗೆಯದೆ, ಕಚ್ಚು ಹೊಡೆಯದೆ, ಸ್ಲ್ಯಾಬಿನ ಓರೆಕೋರೆ ಮುಚ್ಚಲು ಒಂದು ಇಂಚು ಮಾಲು ಮೆತ್ತುವುದರಿಂದಲೇ ಅಪಾಯ. ದಪ್ಪ ಹಾಕದೆ ಗತಿಯಿಲ್ಲ ಅಂದರೆ ಜಾಲರಿಯನ್ನು ಸ್ಲ್ಯಾಬಿಗೇ ಮೊಳೆ, ಬೋಲ್ಟಿನಿಂದ ಬಿಗಿಯಬೇಕು. ಮಾಲಿನಲ್ಲಿ ಸುಮ್ಮನೆ ಹುದುಗಿಸಿದ ಜಾಲರಿ ತುಂಡನ್ನು ಹಿಡಿಯುವುದಿಲ್ಲ. ಬೀಳುವಾಗ ಇನ್ನೂ ದೊಡ್ಡ ತುಂಡಾಗಿ ಬೀಳಿಸುತ್ತದೆ.

ಗೋಡೆಯೂ ಸ್ಲ್ಯಾಬೂ ನೇರವಾಗಿ ಕೂಡುವ ಮೂಲೆಯಲ್ಲಿ ಜಾಲರಿಗಿಂತ ಒಂದು ಸಣ್ಣ ಗಾಡಿ ಕೊರೆದುಬಿಡುವುದು ಒಳ್ಳೇದು. ಬಿರುಕು ಆ ಗೆರೆಯೊಳಗೇ ಅಡಗುತ್ತದೆ. ಕಂಬವಿಲ್ಲದ ಸಣ್ಣ ಮನೆಗಳಿಗೆ ಇದೇ ಹೆಚ್ಚು ಉಪಯೋಗ. ಜಿಪ್ಸಂ ಬೋರ್ಡಿನ ಫಾಲ್ಸ್ ಸೀಲಿಂಗ್‌ನಲ್ಲಿ ಬೋರ್ಡುಗಳ ಸಂದಿಗೆ ಪೇಪರ್ ಟೇಪ್ ಅಥವಾ ಫೈಬರ್ ಟೇಪ್ ಸಾಕು.

ಜಾಲರಿ ಮೋಸವಾಗುವುದು ಎಲ್ಲಿ?

ಶಾಲೆ, ಅಂಗನವಾಡಿಗಳ ಛಾವಣಿಯ ಸಿಮೆಂಟ್ ಕಳಚಿಬಿದ್ದ ಸುದ್ದಿ ಪ್ರತಿ ಮಳೆಗಾಲ ಓದುತ್ತೇವೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಒಡೆದಿದ್ದರೆ, ಅದರ ಮೇಲೆ ಮೆಶ್ ಹೊಡೆದು ಗಿಲಾವು ಮಾಡಿ ಬಿಲ್ ಬರೆಯುವುದು ರಿಪೇರಿ ಅಲ್ಲ, ಅಪಾಯವನ್ನು ಮುಚ್ಚಿಡುವುದು. ಮಕ್ಕಳು ಕೂರುವುದು ಅದರ ಕೆಳಗೆ.

ಎರಡನೆಯದು ಎರೆ ಮಣ್ಣು. ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗುವ ಈ ನೆಲದಲ್ಲಿ ಬುನಾದಿ ಆಳವಿಲ್ಲದಿದ್ದರೆ ಗೋಡೆ ಮೆಟ್ಟಿಲಿನಂತೆ ಓರೆಯಾಗಿ ಸೀಳುತ್ತದೆ, ಬಾಗಿಲು ಹಾಕಲು ಬರುವುದಿಲ್ಲ. ಅಂಥ ಬಿರುಕಿನ ಮೇಲೆ ಒಂದು ಗಾಜಿನ ಪಟ್ಟಿಯನ್ನು ಮಾಲಿನಿಂದ ಅಂಟಿಸಿ, ತಾರೀಖು ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಿ. ಗಾಜು ಒಡೆದರೆ ಮನೆ ಇನ್ನೂ ಅಲುಗುತ್ತಿದೆ. ಬುನಾದಿಗೂ ಅದರ ಸುತ್ತ ನಿಲ್ಲುವ ನೀರಿಗೂ ಮೊದಲು ದಾರಿ ಹುಡುಕಿ.

ಮೂರನೆಯದು ಹಳೇ ಕಲ್ಲು-ಮಣ್ಣಿನ ಗೋಡೆ. ಅದಕ್ಕೆ ಮೆಶ್ ಹಾಕಿ ಸಿಮೆಂಟ್ ಹೊದಿಸಿದರೆ ಒಳಗಿನ ತೇವ ಹೊರಗೆ ಬರಲಾರದೆ ಗಿಲಾವು ಹಾಳೆಹಾಳೆಯಾಗಿ ಏಳುತ್ತದೆ. ಅಲ್ಲಿಗೆ ಸುಣ್ಣ ಅಥವಾ ಮಣ್ಣಿನ ಗಿಲಾವೇ ಸರಿ.

ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಬಯಲು ಸೀಮೆಯ ಮನೆಗೆ ಕೊಡುವ ನೆರವು 1.20 ಲಕ್ಷ ರೂಪಾಯಿ. ಉಳಿದದ್ದು ಹತ್ತಿ ಮಾರಿದ ದುಡ್ಡು, ದುಡಿಯಲು ಬೆಂಗಳೂರಿಗೆ ಹೋದ ಮಗ ಕಳಿಸಿದ್ದು. ಎರಡನೇ ಸಲ ಗಿಲಾವು ಮಾಡಿಸುವ ಶಕ್ತಿ ಆ ಮನೆಗೆ ಇರುವುದಿಲ್ಲ. ಹಾಗಾಗಿ ಗುತ್ತಿಗೆ ಚೀಟಿಯಲ್ಲೇ ಬರೆಸಿ: ಯಾವ ಜಾಲರಿ, ಎಷ್ಟು ಅಗಲ, ಎಲ್ಲೆಲ್ಲಿ. ಮಾಲು ಮುಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಗಿಲಾವು ಬಿದ್ದ ಮೇಲೆ ಒಳಗೆ ಜಾಲರಿ ಇದೆಯೋ ಇಲ್ಲವೋ ಗೌಂಡಿಗಷ್ಟೇ ಗೊತ್ತು.