ಭಾಯಖಳಾದ ಅಚ್ಚುಕೂಟ, ಐಹೊಳೆಯ ಕಲ್ಲು

ನಮ್ಮ ಖಾರಘರದಿಂದ ಘಾರಾಪುರಿ ಬಹಳ ದೂರವೇನಲ್ಲ. ಊರಿನಿಂದ ನೆಂಟರು ಬಂದರೆಂದರೆ ಒಂದು ದಿನ ಅವರನ್ನು ಅಲ್ಲಿಗೆ ಕರೆದೊಯ್ಯುತ್ತೇವೆ. ಗುಹೆಯ ಮೂರು ಮುಖದ ಶಿವನನ್ನು ತೋರಿಸಿ, ‘ನಮ್ಮ ಇಮ್ಮಡಿ ಪುಲಿಕೇಶಿ ಹಡಗು ತಂದು ಗೆದ್ದ ಊರು ಇದೇ’ ಎಂದು ಎದೆಯುಬ್ಬಿಸಿ ಹೇಳುತ್ತೇವೆ. ಅದೇ ಮಾತನ್ನು ಲೇಖನವಾಗಿ ಬರೆದು ಸಂಘದ ಪತ್ರಿಕೆಗೆ ಕೊಟ್ಟಾಗ ಸಂಪಾದಕರು ‘ಇದಕ್ಕೆ ಆಧಾರವೇನು?’ ಎಂದು ಕೇಳಿದರೆ ಮಾತ್ರ ನಮ್ಮ ಮುಖ ಸಣ್ಣದಾಗುತ್ತದೆ. ಹಾಗೆ ಕೇಳುವುದು ಅವರ ಅಧಿಕಪ್ರಸಂಗವೋ ಕರ್ತವ್ಯವೋ ಎಂಬುದಕ್ಕೆ ನಮ್ಮ ಮುಂಬಯಿಯ ಇತಿಹಾಸದಲ್ಲೇ ಉತ್ತರವಿದೆ.

ನಮ್ಮ ಹೆಮ್ಮೆಗೆ ಆಧಾರ ಐಹೊಳೆಯ ಮೇಗುಟಿ ಜಿನಾಲಯದ ಶಾಸನ. ಕ್ರಿ.ಶ. 634ರ ಸುಮಾರಿಗೆ ರವಿಕೀರ್ತಿ ಎಂಬ ಕವಿ ಇದನ್ನು ಸಂಸ್ಕೃತದಲ್ಲಿ ರಚಿಸಿದನು. ಹರ್ಷನ ಸೋಲು, ಕೊಂಕಣದ ಮೌರ್ಯರ ಮೇಲಿನ ದಂಡಯಾತ್ರೆ, ಪುರಿ ಎಂಬ ಪಟ್ಟಣದ ಮೇಲೆ ನಡೆದ ಹಡಗುಗಳ ದಾಳಿ ಎಲ್ಲವೂ ಅದರಲ್ಲಿವೆ. ಆ ಕಲ್ಲಿನ ಮಾತು ವಿದ್ವತ್ ಪತ್ರಿಕೆಯೊಂದರ ಪುಟಗಳಿಗೆ ಬಂದದ್ದು ಮುಂಬಯಿಯ ಮೂಲಕ.

1872ರಲ್ಲಿ ಜೇಮ್ಸ್ ಬರ್ಜೆಸ್ ಎಂಬವರು ಮುಂಬಯಿಯಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಅದು ಅಚ್ಚಾಗುತ್ತಿದ್ದುದು ಭಾಯಖಳಾದ ಎಜುಕೇಶನ್ ಸೊಸೈಟಿ ಅಚ್ಚುಕೂಟದಲ್ಲಿ. 1867ರಲ್ಲಿ ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ ಬಂದಿದ್ದ ಜೆ. ಎಫ್. ಫ್ಲೀಟ್, ಕನ್ನಡ ಜಿಲ್ಲೆಗಳ ಶಾಸನಗಳನ್ನು ಓದಿ ಈ ಪತ್ರಿಕೆಗೆ ಕಳುಹಿಸುತ್ತಿದ್ದರು. ಐಹೊಳೆಯ ಶಾಸನವನ್ನು ಅವರು 1876ರಲ್ಲಿ ಪ್ರಕಟಿಸಿದರು. ಆದರೆ ಆ ಓದು ಅವರಿಗೇ ತೃಪ್ತಿ ಕೊಡಲಿಲ್ಲ. 1879ರಲ್ಲಿ ಅದೇ ಶಾಸನವನ್ನು ತಿದ್ದಿ, ಅದೇ ಪತ್ರಿಕೆಯಲ್ಲಿ ಮತ್ತೆ ಪ್ರಕಟಿಸಿದರು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಒಮ್ಮೆ ಅಚ್ಚಾದುದನ್ನು ಮೂರೇ ವರ್ಷಗಳಲ್ಲಿ ‘ಸರಿಯಿಲ್ಲ’ ಎಂದು ತಂದರೆ ಪತ್ರಿಕೆಯ ಮರ್ಯಾದೆ ಹೋಗುತ್ತದೆಂದು ಹೆದರುವ ಸಂಪಾದಕರೂ ಉಂಟು. ಬರ್ಜೆಸ್ ಅದಕ್ಕೆ ಪುಟ ಬಿಟ್ಟುಕೊಟ್ಟರು. ಮುಂದೆ 1885ರಲ್ಲಿ ಫ್ಲೀಟರೇ ಆರ್. ಸಿ. ಟೆಂಪಲ್ ಅವರೊಡನೆ ಆ ಪತ್ರಿಕೆಯ ಸಂಪಾದಕರಾದರು. ಕಥೆ ಅಲ್ಲಿಗೂ ಮುಗಿಯಲಿಲ್ಲ. ಹಿಂದೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ್ದ ಕೀಲ್‌ಹಾರ್ನ್, ಅದೇ ಶಾಸನವನ್ನು ಇನ್ನೊಮ್ಮೆ ಪರಿಷ್ಕರಿಸಿ, ಹುಲ್ಟ್ಸ್ ಅವರ ಸಂಪಾದಕತ್ವದ ‘ಎಪಿಗ್ರಾಫಿಯಾ ಇಂಡಿಕಾ’ದ 1900-01ರ ಸಂಪುಟದಲ್ಲಿ ಪ್ರಕಟಿಸಿದರು. ಇಪ್ಪತ್ತೈದು ವರ್ಷಗಳಲ್ಲಿ ಒಂದು ಕಲ್ಲಿಗೆ ಮೂರು ಓದು!

ವಿದ್ವತ್ ಪತ್ರಿಕೆಯ ಸಂಪಾದಕನ ಹೊಣೆ ಏನೆಂಬುದು ಇದರಿಂದ ತಿಳಿಯುತ್ತದೆ. ಕಾಗುಣಿತ ತಿದ್ದುವುದು ಅದರಲ್ಲಿ ಸಣ್ಣ ಭಾಗ. ಕಲ್ಲು ಹೇಳಿದ್ದೆಷ್ಟು, ಲೇಖಕ ಊಹಿಸಿದ್ದೆಷ್ಟು ಎಂದು ಬೇರ್ಪಡಿಸಬೇಕು. ಓದುಗನು ತಾನೇ ಪರೀಕ್ಷಿಸಿ ನೋಡುವಂತೆ ಶಾಸನದ ಪಡಿಯಚ್ಚನ್ನೂ ಜೊತೆಗೆ ಕೊಡಬೇಕು. ಒಪ್ಪದವರ ಉತ್ತರಕ್ಕೂ ಸ್ಥಳವಿಡಬೇಕು. ನಮ್ಮ ಘಾರಾಪುರಿಯ ವಿಷಯವನ್ನೇ ನೋಡಿ. ಶಾಸನದಲ್ಲಿರುವುದು ‘ಪುರಿ’ ಎಂಬ ಹೆಸರು ಮಾತ್ರ. ಅದು ಘಾರಾಪುರಿಯೆಂದು ಕೆಲವು ವಿದ್ವಾಂಸರು, ಜಂಜೀರದ ಬಳಿಯ ರಾಜಪುರಿಯೆಂದು ಬೇರೆ ಕೆಲವರು ಹೇಳುತ್ತಾರೆ. ಸಂಪಾದಕರು ನಮ್ಮ ವಾಕ್ಯಕ್ಕೆ ‘ಎಂದು ಕೆಲವರ ಅಭಿಪ್ರಾಯ’ ಎಂದು ಸೇರಿಸಿದರೆ ಪುಲಿಕೇಶಿಯ ಕೀರ್ತಿಗೆ ಕುಂದೇನೂ ಬಾರದು.

ಪರದೇಶದಿಂದ ಬಂದ ಅಧಿಕಾರಿಗಳಿಗೆ ಸರ್ಕಾರದ ಸಂಬಳವಿತ್ತು ಎನ್ನಬಹುದು. ಹಾಗಾದರೆ ಫ. ಗು. ಹಳಕಟ್ಟಿಯವರನ್ನು ನೆನೆಯೋಣ. ನಮ್ಮಂತೆಯೇ ಮುಂಬಯಿಗೆ ಬಂದು, ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಓದಿ, ವಿಜಾಪುರದಲ್ಲಿ ವಕೀಲರಾದವರು. ಮನೆ ಮನೆ ತಿರುಗಿ ವಚನಗಳ ತಾಡವೋಲೆಗಳನ್ನು ಕೂಡಿಸಿದರು. ಇದ್ದ ಮನೆಯನ್ನು ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಹಾಕಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಸಂಪಾದಕನ ಕುರ್ಚಿ ಅವರಿಗೆ ಕೊಟ್ಟದ್ದು ಸಾಲ. ಅವರು ನಾಡಿಗೆ ಕೊಟ್ಟದ್ದು ವಚನ ಸಾಹಿತ್ಯ.

ನಮ್ಮದು ಸಂಘದ ಪತ್ರಿಕೆ, ವಿದ್ವತ್ ಪತ್ರಿಕೆಯಲ್ಲ, ನಿಜ. ಆದರೂ ಮುಂಬಯಿ ಕನ್ನಡಿಗರ ಚರಿತ್ರೆಯನ್ನು ನಾಳೆ ಬರೆಯುವವರು ಎಲ್ಲಿ ಹುಡುಕಬೇಕು? ಹಿರಿಯರು ಯಾವ ವರ್ಷ ಈ ಊರಿಗೆ ಬಂದರು, ಮಕ್ಕಳ ಕನ್ನಡ ತರಗತಿ ಎಂದು ಆರಂಭವಾಯಿತು ಎಂಬುದಕ್ಕೆ ಇಂಥ ಪುಟಗಳೇ ಅವರಿಗೆ ಶಾಸನ. ನಾವು ನೆನಪಿನಿಂದ ಬರೆದ ಒಂದು ತಪ್ಪು ಇಸವಿ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಸತ್ಯವಾಗಿ ಕುಳಿತುಬಿಡುತ್ತದೆ. ಆಗ ತಿದ್ದಲು ನಾವಿರುವುದಿಲ್ಲ.

ಆದುದರಿಂದ, ನಮ್ಮ ಲೇಖನದ ಅಂಚಿನಲ್ಲಿ ಸಂಪಾದಕರ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಮುನಿಯದಿರೋಣ. ಹಳೆಯ ಪತ್ರ, ರಸೀದಿ, ಆಮಂತ್ರಣಗಳನ್ನು ಕಪಾಟಿನಿಂದ ಹೊರತೆಗೆದು ನೋಡೋಣ. ಮುಂದಿನ ಸಲ ನೆಂಟರೊಡನೆ ಘಾರಾಪುರಿಗೆ ಹೋದಾಗ, ‘ಪುಲಿಕೇಶಿ ಗೆದ್ದ ಪುರಿ ಇದೇ ಇರಬಹುದು ಎನ್ನುತ್ತಾರೆ’ ಎಂದು ಹೇಳೋಣ. ಅಷ್ಟು ಹೇಳಿದರೂ ಹೆಮ್ಮೆಗೆ ಕೊರತೆಯಿಲ್ಲ.